ಒಲೆ ಹಚ್ಚದ ತಿಂಗಳು

ಫೆಬ್ರವರಿ 3, ಸೋಮವಾರ

ಇವತ್ತು ನನ್ನ ತಮ್ಮ ನನ್ನ ಒಲೆ ಆರಿಸಿದ. ಬೇಳೆ ಇನ್ನೂ ಕುದಿಯುತ್ತಿತ್ತು. ಬಂದವನೇ ಗ್ಯಾಸ್ ಬಂದ್ ಮಾಡಿ, "ಅಕ್ಕ, ಈ ತಿಂಗಳು ಈ ಮನೇಲಿ ಅಡುಗೆ ಬೇಡ" ಅಂದ. ಅಡುಗೆ ಬೇಡವಂತೆ! ಬೆಂಕಿಯ ಮುಂದೆ ನಿಂತೂ ನಿಂತೂ ಹುಬ್ಬು ಸುಟ್ಟುಕೊಂಡು ಅವನನ್ನು ಸಾಕಿದವಳಿಗೆ ಹೇಳುವ ಮಾತೇ ಇದು?

ಯಾರ ಹತ್ತಿರ ಹೇಳಿಕೊಳ್ಳಲಿ? ಪಕ್ಕದ ಮನೆಯವರಿಗೆ ಹೇಳಿದರೆ ಬೆಳಗಾಗುವುದರೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಕೇಳಿಸಿಕೊಳ್ಳುತ್ತದೆ, ಎದುರು ಮಾತಾಡುವುದಿಲ್ಲ. ಈ ಮನೆಯಲ್ಲಿ ಅಂಥದ್ದು ಒಂದಾದರೂ ಬೇಕು.

ಎಲ್ಲದಕ್ಕೂ ಕಾರಣ ಅವನ ಹೊಟ್ಟೆ. ದೊಡ್ಡ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವನ ಕೆಲಸ. ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಕೂತು, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಕಾಗೆ ಗುಬ್ಬಿಗಳ ಜೊತೆ ಮಾತಾಡುತ್ತ ಬಳಿಯುತ್ತಾನೆ. ಹೋದ ವಾರ ಆ ಬೆಲ್ಟಿನ ಕೊಕ್ಕೆ ಸೇರಲಿಲ್ಲವಂತೆ. ಉಸಿರು ಒಳಗೆಳೆದುಕೊಂಡರೂ ಸೇರಲಿಲ್ಲವಂತೆ. ಮೇಸ್ತ್ರಿ ಎಲ್ಲರೆದುರು, "ನಿನ್ನ ಹೊಟ್ಟೆಗೆ ಬೇರೆ ಹಲಗೆ ಕಟ್ಟಿಸ್ಬೇಕು ಕಣಯ್ಯ. ಕೊಕ್ಕೆ ಸೇರೋ ತನಕ ಕೆಳಗೆ ಕೂತು ಬಣ್ಣ ಕಲಸು. ತಿಂಗಳು ಕಾಯ್ತೀನಿ, ಆಮೇಲೆ ಬೇರೆಯವನನ್ನ ನೋಡ್ಕೋತೀನಿ" ಅಂದನಂತೆ.

ಅದಕ್ಕೆ ಇವನ ಪರಿಹಾರ: ಹಸಿ ತರಕಾರಿ, ಹಸಿ ಸೊಪ್ಪು, ಹಣ್ಣು. ಬೆಂಕಿ ಮುಟ್ಟಿದ್ದು ಏನೂ ಬೇಡ. ಜೊತೆಯ ಬಣ್ಣದವನೊಬ್ಬ ಹಾಗೆ ಮಾಡಿ ಕಡ್ಡಿಯಾದನಂತೆ.

"ನೀನು ಬೇಕಾದ್ರೆ ಕ್ಯಾಂಟೀನಲ್ಲಿ ತಿನ್ಕೊಂಡು ಬಾ ಅಕ್ಕ. ಮನೇಲಿ ಮಾತ್ರ ಒಲೆ ಹಚ್ಬೇಡ. ವಾಸನೆ ಬಂದ್ರೆ ನಾನು ಸೋತೆ."

ಬೇಯುತ್ತಿದ್ದ ಬೇಳೆಯನ್ನು ಬೀದಿಯ ಹಸು ತಿಂದಿತು. ಅದಾದರೂ ಬೇಡ ಅನ್ನಲಿಲ್ಲ.

ಫೆಬ್ರವರಿ 4, ಮಂಗಳವಾರ

ನಿರ್ಧಾರ ಮಾಡಿದೆ. ಅವನು ಬೇಯಿಸಿದ್ದು ಮುಟ್ಟುವವರೆಗೆ ನಾನೂ ಮುಟ್ಟುವುದಿಲ್ಲ. ಮನೆಯಲ್ಲೂ ಇಲ್ಲ, ಕ್ಯಾಂಟೀನಿನಲ್ಲೂ ಇಲ್ಲ. ಹಠ ಅವನೊಬ್ಬನಿಗೇ ಬರುತ್ತದೆಯೇ? ನಮ್ಮಪ್ಪನಿಗೆ ನಾವಿಬ್ಬರೂ ಮಕ್ಕಳು. ಎರಡು ದಿನ ನಾನು ಮೂಲಂಗಿ ಕಡಿಯುವುದನ್ನು ನೋಡಿದರೆ ಅವನ ಕರುಳು ಚುರುಕ್ ಅನ್ನಬೇಕು, "ಅಕ್ಕ, ಒಲೆ ಹಚ್ಚು" ಅನ್ನಬೇಕು.

ಹೇಳಿದಾಗ ಏನೆಂದ ಗೊತ್ತೆ? "ಒಳ್ಳೇದಾಯ್ತು ಬಿಡಕ್ಕ, ನಿನ್ನ ಮಂಡಿನೋವೂ ಹೋಗುತ್ತೆ" ಅಂದ. ಕರುಳಂತೆ, ಕಲ್ಲು.

ಫೆಬ್ರವರಿ 6, ಗುರುವಾರ

ದವಡೆ ನೋಯುತ್ತಿದೆ. ಎಲೆಕೋಸನ್ನು ಎಷ್ಟು ಅಗಿದರೂ ಅದು ಸಾಯುವುದಿಲ್ಲ. ಹಸು ದಿನವಿಡೀ ಯಾಕೆ ಮೆಲುಕು ಹಾಕುತ್ತದೆ ಅಂತ ಈಗ ಗೊತ್ತಾಯಿತು. ಬೇರೆ ಕೆಲಸಕ್ಕೆ ಅದಕ್ಕೆ ಪುರುಸೊತ್ತೆಲ್ಲಿ?

ಇನ್ನೊಂದು ಅನ್ಯಾಯ. ಒಂದು ಬೋಗುಣಿ ತಿಂದೆ. ಹೊಟ್ಟೆ ಡೋಲಿನಂತಾಯಿತು, ಬಗ್ಗಲು ಆಗುವುದಿಲ್ಲ. ಆದರೂ ಊಟ ಮಾಡಿದ ಹಾಗಿಲ್ಲ. ಗುಡಾಣದ ತುಂಬ ಹತ್ತಿ ತುಂಬಿದಂತೆ. ಹೊಟ್ಟೆ "ಸಾಕು" ಅನ್ನುತ್ತದೆ, ಬಾಯಿ "ಊಟ ಯಾವಾಗ?" ಅನ್ನುತ್ತದೆ. ಯಾರ ಮಾತು ಕೇಳುವುದು? ಇಷ್ಟು ವರ್ಷ ಇಬ್ಬರೂ ಒಂದೇ ಮನೆಯವರು ಅಂದುಕೊಂಡಿದ್ದೆ, ನೋಡಿದರೆ ದಾಯಾದಿಗಳು.

ತಮ್ಮ ಎರಡು ಬೋಗುಣಿ ಸೌತೆಕಾಯಿ, ಸೊಪ್ಪು ತಿಂದು ಹೊಟ್ಟೆ ತಟ್ಟಿಕೊಂಡು, "ತುಂಬ್ತು ನೋಡು" ಅಂದ. ಮುಖದಲ್ಲಿ ಗೆದ್ದ ಕಳೆ. ನನಗೆ ಮೈಯೆಲ್ಲ ಉರಿಯಿತು.

ಫೆಬ್ರವರಿ 7, ಶುಕ್ರವಾರ

ವಾಯು. ಅದರ ವಿಷಯ ಬರೆಯುವುದಿಲ್ಲ. ಮಾನವಂತರ ಮನೆ ಇದು.

ಫೆಬ್ರವರಿ 10, ಸೋಮವಾರ

ಬಟ್ಟೆ ಹೊಲಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿ ನನಗೆ ಒಂದು ಮರ್ಯಾದೆಯಿದೆ. ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಉಪ್ಪು ಹುಳಿ ಒಂದು ದಿನವೂ ಹೆಚ್ಚಾಗಿಲ್ಲ, ಕಮ್ಮಿಯಾಗಿಲ್ಲ. ಹೋದ ವಾರ ಕೈಯಂದಾಜಿನಲ್ಲೇ ನಡೆಸಿದೆ, ಇವತ್ತು ಆ ಮರ್ಯಾದೆಯೂ ಹೋಯಿತು. ಬೇಯಿಸಿದ್ದು ಮುಟ್ಟುವುದಿಲ್ಲ ಅಂದ ಮೇಲೆ ರುಚಿ ನೋಡುವುದು ಹೇಗೆ? ತರಕಾರಿ ಹೆಚ್ಚುವ ಹುಡುಗಿ ಚಟಾಕಿಗೆ ಸೌಟು ಕೊಟ್ಟು, "ನೋಡೇ, ಉಪ್ಪು ಸರಿಯಿದ್ಯಾ?" ಅಂದೆ. ಅವಳ ಹೆಸರೇ ಚಟಾಕಿ, ಬಾಯಿ ತೆರೆದರೆ ಸಿಡಿಯುತ್ತಾಳೆ.

"ದೊಡ್ಡಕ್ಕ, ನಿಮಗೇನಾಯ್ತು? ಬೆಳಗಿಂದ ಮಧ್ಯಾಹ್ನದವರೆಗೆ ನಿಮ್ಮ ಬಾಯಿ ಆಡ್ತಾನೇ ಇರ್ತಿತ್ತು. ಒಂದು ತುತ್ತು ಅನ್ನ, ಒಂದು ಗುಟುಕು ಗಂಜಿ, ತಳ ಹಿಡಿದಿದ್ದು ಕೆರೆದು ಒಂಚೂರು, ತಟ್ಟೇಲಿ ಉಳಿದಿದ್ದು ಒಂಚೂರು..."

"ಅದು ರುಚಿ ನೋಡೋದು ಕಣೇ."

"ಅಷ್ಟು ರುಚಿ ನೋಡಿದ್ರೆ ನಮ್ಮನೇಲಿ ಮೂರು ಜನ ಉಣ್ತಾರೆ!"

ಎಲ್ಲರೂ ನಕ್ಕರು. ನಗಲಿ. ರುಚಿ ನೋಡುವುದು ಬೇರೆ, ಉಣ್ಣುವುದು ಬೇರೆ. ನಾನು ಊಟಕ್ಕೆ ಕೂರುತ್ತಿದ್ದದ್ದು ಎಲ್ಲರದೂ ಆದ ಮೇಲೆಯೇ. ಕೂತು ಉಂಡದ್ದು ಮಾತ್ರ ಲೆಕ್ಕ.

ಫೆಬ್ರವರಿ 12, ಬುಧವಾರ

ನಾಚಿಕೆಗೇಡು. ಯಾರಿಗೂ ಹೇಳುವಂಥದ್ದಲ್ಲ.

ಮಧ್ಯಾಹ್ನ ಬಡಿಸುವ ಹೊತ್ತಿಗೆ ನನಗೆ ಏನೋ ಆಯಿತು. ಹೊಟ್ಟೆಯ ಮೇಲ್ಭಾಗದಲ್ಲಿ ಯಾರೋ ಒಳಗಿನಿಂದ ಕೈಹಾಕಿ ಮೆಲ್ಲಗೆ ಹಿಂಡಿದ ಹಾಗೆ. ಬಾಯಲ್ಲಿ ನೀರು. ಚಟಾಕಿಯ ಮೇಲೆ ಸುಮ್ಮನೆ ರೇಗಿದೆ. ಇದು ಹೃದಯದ ಕಾಯಿಲೆಯೇ ಅಂದುಕೊಂಡು ಕಾರ್ಖಾನೆಯ ದವಾಖಾನೆಗೆ ಓಡಿದೆ. ಅಲ್ಲಿಯ ನರ್ಸಮ್ಮ ನಾಡಿ ಹಿಡಿದಳು, ರಕ್ತದೊತ್ತಡ ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಆಮೇಲೆ ಕೇಳಿದಳು:

"ಬೆಳಗ್ಗೆ ಏನು ತಿಂದ್ರಿ ದೊಡ್ಡಕ್ಕ?"

"ಎರಡು ಕ್ಯಾರೆಟ್ಟು, ಒಂದು ಸೇಬು."

"ಆಮೇಲೆ?"

"ಆಮೇಲೇನು? ಅಡುಗೆ ಮಾಡಿದೆ."

ಅವಳು ನನ್ನ ಮುಖ ನೋಡಿದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. "ದೊಡ್ಡಕ್ಕ, ಕಾಯಿಲೆ ಏನಿಲ್ಲ. ನಿಮಗೆ ಹಸಿವಾಗಿದೆ."

ಹಸಿವು! ಊರಿಗೆಲ್ಲ ಅನ್ನ ಹಾಕುವವಳಿಗೆ ಹಸಿವು ಯಾವುದು ಅಂತ ನರ್ಸು ಹೇಳಿಕೊಡಬೇಕೆ? ಎಂಥ ಮಾತು! "ನಂಗೆ ಹಸಿವು ಗೊತ್ತಿಲ್ಲವೇನಮ್ಮ? ಚಿಕ್ಕಂದಿನಲ್ಲಿ ನಾನು ನೋಡಿದಷ್ಟು ಹಸಿವು ನೀನು ಪುಸ್ತಕದಲ್ಲೂ ಓದಿಲ್ಲ" ಅಂತ ಗದರಿದೆ.

"ಅದಕ್ಕೇ ಇರ್ಬೇಕು" ಅಂದಳು ನರ್ಸಮ್ಮ. "ಆವತ್ತು ನೋಡಿದ ಮೇಲೆ ಮತ್ತೆ ಅದನ್ನ ಬಾಗಿಲಿಗೆ ಬರೋಕೆ ನೀವು ಬಿಟ್ಟಿಲ್ಲ."

ಬಾಳೆಹಣ್ಣು ಕೊಟ್ಟಳು. ತಿಂದೆ. ಬಾಳೆಹಣ್ಣು ಇಷ್ಟು ಸಿಹಿಯಿರುತ್ತದೆಂದು ಯಾರೂ ಹೇಳಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

ಫೆಬ್ರವರಿ 14, ಶುಕ್ರವಾರ

ಮತ್ತೆ ನರ್ಸಮ್ಮನ ಹತ್ತಿರ ಹೋಗಿದ್ದೆ. ಕಾಯಿಲೆಗಲ್ಲ, ಜಗಳಕ್ಕೆ. ಹಸಿ ತಿನ್ನುವುದು ದೇಹಕ್ಕೆ ಹಾಳು ಅಂತ ಅವಳ ಬಾಯಿಂದ ಹೇಳಿಸಿ ತಮ್ಮನ ಮುಖಕ್ಕೆ ಹಿಡಿಯೋಣ ಅಂತ. ಅವಳು ಹಾಳೂ ಅನ್ನಲಿಲ್ಲ, ಅಮೃತವೂ ಅನ್ನಲಿಲ್ಲ.

"ಸೊಪ್ಪು, ಸೌತೆಕಾಯಿ ಹೊಟ್ಟೆ ತುಂಬಿಸುತ್ತೆ ದೊಡ್ಡಕ್ಕ, ಮೈ ತುಂಬಿಸಲ್ಲ. ಅರ್ಧ ನೀರು, ಅರ್ಧ ನಾರು. ಹೊಟ್ಟೆ ಉಬ್ಬಿತು ಅಂತ ತಿನ್ನೋದು ನಿಲ್ಲಿಸ್ತಾರೆ, ಬೇಕಾದಷ್ಟು ಒಳಗೆ ಹೋಗಿರೋದೇ ಇಲ್ಲ. ಮೊಳಕೆ ಕಾಳು, ಕಡಲೆಬೀಜ, ತೆಂಗಿನಕಾಯಿ, ಹಣ್ಣು ಹೆಚ್ಚಿಸ್ಬೇಕು. ನಿಧಾನಕ್ಕೆ ಅಗೀಬೇಕು. ಎತ್ತರದಲ್ಲಿ ಕೂತು ಕೆಲಸ ಮಾಡೋರು ಇದನ್ನೆಲ್ಲ ಒಬ್ಬರೇ ಶುರು ಮಾಡ್ಬಾರದು, ಡಾಕ್ಟ್ರನ್ನ ಕೇಳ್ಬೇಕು."

ನನ್ನ ಬೋಗುಣಿಗೆ ನೆನೆಸಿದ ಕಡಲೆಬೀಜ ಸೇರಿಸಿದೆ. ಎರಡು ಹಿಡಿ. ಮೂರನೆಯದಕ್ಕೆ ಕೈ ಹೋಯಿತು, ಬೇಡವೆನಿಸಿತು, ಮುಚ್ಚಿಟ್ಟೆ. ಯಾಕೆ ಬೇಡವೆನಿಸಿತೋ ಗೊತ್ತಿಲ್ಲ. ಇನ್ನೂ ಜಾಗವಿತ್ತು.

ತಮ್ಮನಿಗೆ ಹೇಳಿದೆ. "ಕಡಲೆಬೀಜದಲ್ಲಿ ಎಣ್ಣೆ ಇರುತ್ತೆ ಅಕ್ಕ, ಬೆಲ್ಟು ಸೇರಲ್ಲ. ನಂಗೆ ಹೊಟ್ಟೆ ತುಂಬೇ ಇರುತ್ತೆ, ಹಸಿವೇ ಆಗಲ್ಲ" ಅಂದ. ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಫೆಬ್ರವರಿ 17, ಸೋಮವಾರ

ಇಸ್ತ್ರಿ ವಿಭಾಗಕ್ಕೆ ಹೊಸದಾಗಿ ಬಂದ ಹುಡುಗಿ ಇವತ್ತು ಅನ್ನದ ಸೌಟಿಗೆ ಕೈ ಅಡ್ಡ ಹಿಡಿದಳು. ನನ್ನ ಕ್ಯಾಂಟೀನಿನಲ್ಲಿ ಒಂದು ಪದ್ಧತಿ ಇದೆ: ಕೈ ಅಡ್ಡ ಬಂದರೆ ಕೈಯ ಪಕ್ಕದಲ್ಲಿ ಸುರಿಯುವುದು. ಸಂಕೋಚದವರೇ ಎಲ್ಲ, ಬೇಡ ಅಂದರೆ ಬೇಕು ಅಂತ ಅರ್ಥ. ಎಲ್ಲರಿಗೂ ಹಾಗೇ ಮಾಡಿದ್ದೇನೆ, ಯಾರೂ ಸತ್ತಿಲ್ಲ.

ಇವತ್ತು ಸೌಟು ಎತ್ತಿದವಳು ಅವಳ ಮುಖ ನೋಡಿದೆ. "ನಿಜವಾಗ್ಲೂ ಸಾಕೇನೇ?" ಅಂದೆ.

"ಸಾಕು ದೊಡ್ಡಕ್ಕ. ಬೇಕಾದ್ರೆ ಕೇಳ್ತೀನಿ."

ಮುಂದಿನವರಿಗೆ ಹೋದೆ. ಕೇಳುತ್ತಾಳಂತೆ! ಇವತ್ತಿನ ಮಕ್ಕಳಿಗೆ ನಾಚಿಕೆ ಅನ್ನುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದು ಬಂದು ಕೇಳಿಯೂ ಕೇಳಿದಳು.

ಫೆಬ್ರವರಿ 20, ಗುರುವಾರ

ಕ್ಯಾಂಟೀನಿನ ಮುಸುರೆಯನ್ನು ತನ್ನ ಹಂದಿಗಳಿಗೆ ಒಯ್ಯುವವನು ಬಂದು ಜಗಳ ತೆಗೆದ.

"ಏನು ದೊಡ್ಡಕ್ಕ, ಡ್ರಮ್ಮು ಅರ್ಧವೂ ತುಂಬಿಲ್ಲ. ನನ್ನ ಹಂದಿಗಳು ಉಪವಾಸ ಬೀಳ್ಬೇಕಾ?"

"ಜನ ಬಿಟ್ಟಷ್ಟು ತಾನೇ ಡ್ರಮ್ಮಿಗೆ ಬೀಳೋದು? ನಾನೇನು ನಿನ್ನ ಹಂದಿಗೆ ಅಂತ ಬೇರೆ ಬೇಯಿಸ್ಲಾ?"

"ಮೊದಲೆಲ್ಲ ತಟ್ಟೆಗಟ್ಟಲೆ ಬಿಡ್ತಿದ್ರು. ಈಗ ತೊಳೆದಿಟ್ಟ ಹಾಗೆ ತಿಂತಾರೆ. ಅಡುಗೆ ಕಮ್ಮಿ ಮಾಡ್ತಿದೀರಾ?"

ಅಡುಗೆ ಅಷ್ಟೇ ಮಾಡಿದ್ದೇನೆ. ಕೈ ಅಡ್ಡ ಬಂದಲ್ಲಿ ಸೌಟು ನಿಲ್ಲಿಸುತ್ತಿದ್ದೇನೆ, ಅಷ್ಟೆ. ಪಾತ್ರೆಯಲ್ಲಿ ಉಳಿದದ್ದನ್ನು ಸಂಜೆ ಪಾಳಿಯವರು ಉಣ್ಣುತ್ತಾರೆ. ಜನ ಯಾಕೆ ಬಿಡುತ್ತಿಲ್ಲವೋ ನನಗೇನು ಗೊತ್ತು? ಎಲ್ಲದಕ್ಕೂ ನಾನೇ ಹೊಣೆ. ಮಳೆ ಬಂದರೂ ಅಡುಗೆಯವಳು, ಬಿಸಿಲು ಬಂದರೂ ಅಡುಗೆಯವಳು.

ಫೆಬ್ರವರಿ 21, ಶುಕ್ರವಾರ

ಬೆಲ್ಟಿನ ಕೊಕ್ಕೆ ಸೇರಿತಂತೆ. ತಮ್ಮ ಕುಣಿಯುತ್ತ ಬಂದ. ಸೋಮವಾರದಿಂದ ಮತ್ತೆ ಹಲಗೆ ಏರುತ್ತಾನಂತೆ. ಕೆನ್ನೆ ಒಳಗೆ ಹೋಗಿದೆ, ಕಣ್ಣ ಕೆಳಗೆ ಮಸಿ ಬಳಿದ ಹಾಗಿದೆ. ಮೆಟ್ಟಿಲು ಹತ್ತಿ ಬಂದವನು ಗೋಡೆ ಹಿಡಿದು ನಿಂತ.

"ತಲೆ ಸುತ್ತುತ್ತೇನೋ?"

"ಇಲ್ಲ."

"ಹಸಿವೇನೋ?"

"ಇಲ್ಲ ಅಂದೆನಲ್ಲ. ನೋಡು, ಹೊಟ್ಟೆ ಗಟ್ಟಿಯಿದೆ." ನನ್ನ ಕೈ ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟ. ಗಟ್ಟಿಯಾಗಿಯೇ ಇತ್ತು. ಅವನ ಕೈ ಮಾತ್ರ ತಣ್ಣಗಿತ್ತು.

ನನಗೆ ಹೆದರಿಕೆ. ಹೆದರಿಕೆಗೆ ನನ್ನ ಬಾಯಲ್ಲಿ ಬೇರೆ ಭಾಷೆ ಬರುವುದಿಲ್ಲ, ಬೈದೆ. ಹೊಟ್ಟೆ ತುಂಬ ಬೈದೆ.

ಫೆಬ್ರವರಿ 25, ಮಂಗಳವಾರ

ಜೀವ ಉಳಿಯಿತು. ಬರೆಯಲು ಕೈ ಬರುತ್ತಿಲ್ಲ.

ಹಲಗೆಯ ಮೇಲೆ ಕೂತವನಿಗೆ ಕಣ್ಣು ಕತ್ತಲೆ ಬಂತಂತೆ. ಒಂದು ಕಡೆಗೆ ವಾಲಿದನಂತೆ. ಬಣ್ಣದ ಡಬ್ಬಿ ಕೆಳಗೆ ಬಿತ್ತು. ಇವನು ಬೆಲ್ಟಿನಲ್ಲಿ ನೇತಾಡಿದ. ಜೊತೆಯವರು ಹಗ್ಗ ಎಳೆದು ಕಿಟಕಿಯೊಳಗೆ ಎತ್ತಿಕೊಂಡರಂತೆ. ಯಾವ ಬೆಲ್ಟಿಗಾಗಿ ಮೈ ಒಣಗಿಸಿದನೋ ಆ ಬೆಲ್ಟೇ ಅವನನ್ನು ಹಿಡಿಯಿತು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಕ್ಯಾಂಟೀನಿನಿಂದ ಆಸ್ಪತ್ರೆಯವರೆಗೆ ಶಾಪ ಹಾಕುತ್ತ ಹೋದೆ. ಯಾರಿಗೆ ಶಾಪವೆಂದು ಕೇಳಬೇಡಿ, ದಾರಿಯಲ್ಲಿ ಸಿಕ್ಕ ಎಲ್ಲರಿಗೂ.

ಡಾಕ್ಟರು ನೋಡಿದರು. ಮೂಳೆ ಮುರಿದಿಲ್ಲ. "ಏನು ತಿಂತಿದ್ದೆ?" ಅಂದರು. ಹೇಳಿದ. "ಹಸಿವಾಗ್ತಿರಲಿಲ್ವೇನಯ್ಯ?" ಅಂದರು.

"ಹೊಟ್ಟೆ ತುಂಬಿತ್ತು ಸಾರ್" ಅಂದ. ಸುಳ್ಳಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಿಲ್ಲ.

ಫೆಬ್ರವರಿ 26, ಬುಧವಾರ

ಇವತ್ತಿನ ಜಗಳವನ್ನು ಪೂರ್ತಿ ಬರೆಯುತ್ತೇನೆ. ಇಲ್ಲದಿದ್ದರೆ ನನ್ನ ಎದೆ ಒಡೆಯುತ್ತದೆ.

ಬೆಳಗ್ಗೆ ಎದ್ದವಳೇ ಒಲೆ ಹಚ್ಚಿದೆ. ಗೆದ್ದೆ ಅಂದುಕೊಂಡೆ. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ, ಮೇಲೆ ತುಪ್ಪ. ತಟ್ಟೆಯಲ್ಲಿ ರಾಶಿ ಹಾಕಿ ಹಾಸಿಗೆಯ ಹತ್ತಿರ ಒಯ್ದು, "ಉಣ್ಣು, ಆಡಿದ್ದು ಸಾಕು" ಅಂದೆ.

ಅವನು ತಟ್ಟೆ ನೋಡಿದ. ಮುಟ್ಟಲಿಲ್ಲ.

"ಅಕ್ಕ, ನಾನು ಈ ಹಸಿ ಸೊಪ್ಪಿಗೆ ಯಾಕೆ ಹೋದೆ ಗೊತ್ತಾ?"

"ಬೆಲ್ಟಿಗೆ."

"ಬೆಲ್ಟಿಗೂ ಹೌದು. ಅದೊಂದನ್ನ ನೀನು ನನ್ನ ತಟ್ಟೆಗೆ ಸುರಿಯಲ್ಲ ಅಂತಾನೂ ಹೌದು. ಸೌತೆಕಾಯಿ ನಾನೇ ಹೆಚ್ಕೊಂಡೆ, ನಾನೇ ಹಾಕ್ಕೊಂಡೆ, ನಾನೇ ಸಾಕು ಅಂದೆ. ನಾನು ಸಾಕು ಅಂದಾಗ ನೀನು ಒಂದು ಸಲ ನಿಲ್ಲಿಸಿದೀಯಾ? ಹುಟ್ಟಿದಾಗಿಂದ?"

ಕೇಳಿ ನನಗೆ ಭೂಮಿ ಬಿರಿದಂತಾಯಿತು. "ಯಾರಿಗೋ ಹೇಳ್ತಿದೀಯ? ಅಮ್ಮ ಹೋದಾಗ ನೀನು ಹಾಲುಹಲ್ಲಿನವನು. ಅನ್ನ ಇಲ್ಲದ ದಿನ ನೀನು ಅತ್ತಿದ್ದು ನಿನಗೆ ನೆನಪಿಲ್ಲ, ನನಗಿದೆ. ನೀರು ಕುಡಿಸಿ ಮಲಗಿಸಿದ್ದೀನಿ ಕಣೋ. ಆಮೇಲೆ ಕೆಲಸ ಸಿಕ್ಕಿದ ದಿನ ಅಂದ್ಕೊಂಡೆ, ಹಸಿವು ಇವನ ಹತ್ತಿರ ಇನ್ನು ಬರಕೂಡದು, ಅದು ಬರೋ ಮೊದಲೇ ನನ್ನ ಅನ್ನ ಹೋಗ್ಬೇಕು ಅಂತ. ಅದು ತಪ್ಪೇನೋ?"

"ತಪ್ಪು ಅಂದೆನಾ?"

"ಮತ್ತೆ?"

ಅವನು ಗೋಡೆಯ ಕಡೆ ತಿರುಗಿಕೊಂಡ. ಅಲ್ಲಿಂದಲೇ ಅಂದ: "ಹಲಗೆ ಮೇಲೆ ಕೂತಾಗ ನಂಗೆ ಏನೋ ಆಗ್ತಿತ್ತು ಅಕ್ಕ. ಏನು ಅಂತ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಇಳೀತಿದ್ದೆ."

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜ ಮಗನ ಮೇಲಿನ ಮುದ್ದಿಗೆ ಹಸಿವಮ್ಮನನ್ನು ಕೋಟೆಯೊಳಗೆ ಬಿಡಬೇಡಿ ಅಂತ ಬಾಗಿಲಿಗೆ ಕಾವಲು ಹಾಕಿದನಂತೆ. ಅಜ್ಜಿ ರಾಜನದು ಎಂಥ ಪ್ರೀತಿ ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು, "ಹಸಿವೇ ಕಾಣದ ಆ ಹುಡುಗನಿಗೆ ಉಂಡ ಅನ್ನದ ಗುರುತೇ ಹತ್ತಲಿಲ್ಲ ಕಣೇ" ಅಂತ ನಿಟ್ಟುಸಿರು ಬಿಡುತ್ತಿದ್ದಳು. ಆಗ ಅರ್ಥವಾಗಿರಲಿಲ್ಲ. ಈಗಲೂ ಆಗಿದೆ ಅಂತ ಒಪ್ಪುವುದಿಲ್ಲ. ಅಜ್ಜಿಯಂದಿರು ಸತ್ತ ಮೇಲೂ ಚುಚ್ಚುತ್ತಾರೆ, ಅಷ್ಟೆ.

ತಟ್ಟೆ ಎತ್ತಿಕೊಂಡು ಬಂದೆ. ಸಂಜೆ ಅವನೇ ಎದ್ದು ಒಂದು ಬಾಳೆಹಣ್ಣು ತಿಂದು, ಒಂದು ಲೋಟ ಹಾಲು ಕುಡಿದ. ನಾನು ನೋಡದ ಹಾಗೆ ನೋಡಿದೆ.

ಫೆಬ್ರವರಿ 28, ಶುಕ್ರವಾರ

ಡಾಕ್ಟರು ಹೇಳಿದ್ದಾರೆ: ಬೇಯಿಸಿದ್ದೂ ಇರಲಿ, ಹಸಿಯದೂ ಇರಲಿ, ಹಸಿವು ನೋಡಿಕೊಂಡು ಉಣ್ಣಲಿ. ಮೇಸ್ತ್ರಿ ಬಂದು, "ಗಟ್ಟಿಯಾಗಿ ಬಾ, ಹಲಗೆ ಎಲ್ಲೂ ಹೋಗಲ್ಲ" ಅಂದು ಹೋದ. ಅಂದು ಎಲ್ಲರೆದುರು ಆಡಿಕೊಂಡ ಬಾಯಿಯೇ ಇಂದು ಈ ಮಾತು ಹೇಳುವುದು. ಅವನಿಗೆ ನೀರನ್ನೂ ಕೊಡಲಿಲ್ಲ.

ಅನ್ನ ಇಳಿಸಿ, ಬೇಳೆ ಇಳಿಸಿ, ಮೊಳಕೆ ಕಾಳು, ಸೌತೆಕಾಯಿ ಪಕ್ಕದಲ್ಲಿಟ್ಟು ಕೇಳಿದೆ: "ಹಸಿವಾಗಿದೆಯೇನೋ?"

ಅವನು ಯೋಚಿಸಿದ. ಲೆಕ್ಕ ಕೇಳಿದ ಹಾಗೆ ಯೋಚಿಸಿದ. "ಗೊತ್ತಾಗ್ತಿಲ್ಲ ಅಕ್ಕ. ಹೇಗಿರುತ್ತೆ?"

"ಮೇಲ್ಹೊಟ್ಟೇಲಿ ಹಿಂಡಿದ ಹಾಗೆ. ಬಾಯಲ್ಲಿ ನೀರು. ಆಮೇಲೆ ಕಾರಣ ಇಲ್ಲದೆ ಸಿಟ್ಟು."

"ಸಿಟ್ಟಾ? ಹಾಗಾದ್ರೆ ನೀನು ಹುಟ್ಟಿದಾಗಿಂದ ಉಂಡೇ ಇಲ್ಲ ಬಿಡು."

"ಮುಚ್ಚೋ ಬಾಯಿ."

ನಕ್ಕ. ಬಿದ್ದ ಮೇಲೆ ಇದೇ ಮೊದಲು ನಕ್ಕದ್ದು. ಆಮೇಲೆ ಹಸಿವಿಗೆ ಕಾಯುತ್ತ ಕೂತ. ನಾನೂ ಕೂತೆ. ಅನ್ನದ ಹಬೆ ಕಮ್ಮಿಯಾಗುತ್ತಿತ್ತು. ಬಿಸಿ ಅನ್ನ ಆರಿಹೋಗುವುದನ್ನು ನೋಡುತ್ತ ಕೂರುವುದೆಂದರೆ ನನಗೆ ಅದೊಂದು ಶಿಕ್ಷೆ. ಕೈ ಸೌಟಿನ ಕಡೆಗೆ ಹೋಗುತ್ತದೆ, ವಾಪಸು ಬರುತ್ತದೆ. ಅವನು ಕಿಟಕಿಯ ಹೊರಗೆ ನೋಡುತ್ತಾನೆ. ದೊರೆಮಗ. ಇವನ ಹಸಿವಿನ ಸವಾರಿ ಯಾವಾಗ ಬರುತ್ತದೋ ಅಂತ ನಾನು ಬಾಗಿಲಲ್ಲಿ ಕೂತಿರಬೇಕು.

ಅಷ್ಟರಲ್ಲಿ ನನಗೇ ಹಸಿವಾಯಿತು. ಇವನಿಗಾಗಿ ನಾನ್ಯಾಕೆ ಕಾಯಲಿ ಅಂತ ರೋಷಕ್ಕೆ ನನ್ನ ಹಠವನ್ನೂ ಮರೆತು ತಟ್ಟೆ ತೆಗೆದುಕೊಂಡೆ, ಬೇಕಾದಷ್ಟು ಹಾಕಿಕೊಂಡೆ, ಅವನ ಎದುರೇ ಕೂತು ಉಣ್ಣತೊಡಗಿದೆ. ಎಷ್ಟೋ ದಿನದ ಮೇಲೆ ಬೇಯಿಸಿದ ಅನ್ನ. ಏನೂ ಇಲ್ಲದ ಬರೀ ಅನ್ನವೂ ಸಿಹಿಯಿತ್ತು.

ಅವನು ನನ್ನನ್ನು ನೋಡಿದ. ನನ್ನ ಕೈ ನೋಡಿದ, ತಟ್ಟೆ ನೋಡಿದ. ಉಗುಳು ನುಂಗಿದ. ಎದ್ದು ಬಂದು, ತಟ್ಟೆ ತೆಗೆದುಕೊಂಡು, ಸೌಟು ಹಿಡಿದ. ಒಂದು ಸೌಟು ಅನ್ನ, ಸ್ವಲ್ಪ ಬೇಳೆ, ನಾಲ್ಕು ಚೂರು ಸೌತೆಕಾಯಿ. ಅಷ್ಟೆ. ಗುಬ್ಬಿಗೆ ಹಾಕಿದ ಹಾಗೆ! ನನಗೆ ಹೊಟ್ಟೆ ಉರಿದುಹೋಯಿತು. "ಏನೋ ಅದು, ಇನ್ನೊಂದು ಸೌಟು ಹಾಕ್ಕೊಳ್ಳೋ" ಅಂತ ಕೂಗಬೇಕೆಂದಿದ್ದೆ. ಬಾಯಿ ತುಂಬ ಅನ್ನವಿತ್ತು.